ಮುಂಗಡಕ್ಕೆ ಸಿಕ್ಕವರು: ಹಡಗಿನ ಖಲಾಸಿ, ಕಾಫಿ ತೋಟದ ಆಳು

ಬೇಲೂರಿನ ಪಶ್ಚಿಮಕ್ಕೆ, ಮಂಜರಾಬಾದಿನ ಕಡೆ ಕಾಫಿ ತೋಟಗಳು ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕಾಫಿ ಗಾಡಿಯೇರಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅಳಿವೆಯಲ್ಲಿ ಮರಳುದಿಬ್ಬ ಅಡ್ಡವಿದ್ದುದರಿಂದ ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕುತ್ತಿದ್ದವು. ಅಲ್ಲಿಯವರೆಗೆ ಮೂಟೆಗಳನ್ನು ದೋಣಿಯಲ್ಲೇ ಸಾಗಿಸಬೇಕು. ಹಣ್ಣು ಬಿಡಿಸಿದ ಆಳಿಗೂ ಹಾಯಿ ಬಿಚ್ಚಿದ ಖಲಾಸಿಗೂ ಪರಸ್ಪರ ಗುರುತಿರಲಿಲ್ಲ. ಇಬ್ಬರನ್ನೂ ಕೆಲಸಕ್ಕೆ ಕಟ್ಟಿಹಾಕಿದ್ದು ಮಾತ್ರ ಒಂದೇ, ಮುಂಗಡ.

ಬ್ರಿಟಿಷ್ ಸರಕು ಹಡಗಿಗೆ ಸೇರುವವನು ಕರಾರಿಗೆ ಸಹಿ ಹಾಕಿದರೆ ಒಂದೆರಡು ತಿಂಗಳ ಸಂಬಳಕ್ಕೆ ಚೀಟಿ ಸಿಗುತ್ತಿತ್ತು. ಆದರೆ ಹಡಗು ಹೊರಟ ಮೇಲಷ್ಟೇ ಆ ಚೀಟಿಗೆ ಹಣ. ಅಷ್ಟರವರೆಗೆ ಊಟ, ವಸತಿ, ಬಟ್ಟೆಗೆ ಸಾಲ ಕೊಟ್ಟ ಬಂದರಿನ ದಲ್ಲಾಳಿ ಅದನ್ನು ಕಡಿಮೆ ಬೆಲೆಗೆ ಕಿತ್ತುಕೊಳ್ಳುತ್ತಿದ್ದ. ಹಾಗಾಗಿ ಮೊದಲ ತಿಂಗಳ ದುಡಿಮೆ ಸಾಲಕ್ಕೇ ಜಮೆ. ಆ ತಿಂಗಳು ಮುಗಿದ ದಿನ ನಾವಿಕರು ಹಾಡುತ್ತ, ಗೋಣಿ ಮತ್ತು ಹುಲ್ಲಿನಿಂದ ಮಾಡಿದ ‘ಸತ್ತ ಕುದುರೆ’ಯನ್ನು ಹಾಯಿಮರದೆತ್ತರಕ್ಕೆ ಎಳೆದು ಸಮುದ್ರಕ್ಕೆ ಕೆಡವುತ್ತಿದ್ದರು. ಇನ್ನು ಮುಂದಿನ ದುಡಿಮೆ ತಮ್ಮದು ಎಂಬ ಸಂಭ್ರಮ ಅದು. 1854ರ ಕಾನೂನು ಬರುವ ತನಕ ಹಡಗು ಮುಳುಗಿ ಸರಕಿನ ಬಾಡಿಗೆ ತಪ್ಪಿದರೆ ಬದುಕಿ ಬಂದವನಿಗೂ ಸಂಬಳ ಇರಲಿಲ್ಲ.

ಭಾರತದ ಖಲಾಸಿಗಳ ಪಾಡು ಇನ್ನೂ ಹೀನ. 1860–70ರ ಸುಮಾರಿಗೆ ನುರಿತ ಬ್ರಿಟಿಷ್ ನಾವಿಕನಿಗೆ ತಿಂಗಳಿಗೆ ಎರಡೂವರೆಯಿಂದ ಮೂರು ಪೌಂಡ್ ಸಿಕ್ಕರೆ, ಖಲಾಸಿಗೆ ಅದರ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಕಡಿಮೆ. ಅವರನ್ನು ಒಟ್ಟುಗೂಡಿಸುತ್ತಿದ್ದವನು ಸೇರಂಗ. ತನ್ನೂರಿನವರನ್ನು, ನೆಂಟರನ್ನು ಕರೆತಂದು ಹಡಗಿನಲ್ಲಿ ಅವರ ಮೇಲೆ ಅಧಿಕಾರ ನಡೆಸಿ, ಸಂಬಳದಲ್ಲಿ ದಸ್ತೂರಿ ಹಿಡಿಯುತ್ತಿದ್ದ. ಕಲ್ಕತ್ತೆಯಲ್ಲಿ ಅವನ ಮೇಲೂ ಸಾಲ ಕೊಡುವ ಘಾಟ್ ಸೇರಂಗ ಇದ್ದ.

ಸೇರಂಗನ ಜಾಗದಲ್ಲಿ ಮೇಸ್ತ್ರಿಯನ್ನು ನಿಲ್ಲಿಸಿದರೆ ಬೇಲೂರು ಸೀಮೆಯ ಚಿತ್ರ ಸಿಗುತ್ತದೆ. ಅರಸೀಕೆರೆ, ಹಳೇಬೀಡಿನ ಕಡೆ ಬೇಸಾಯ ಮಳೆ, ಕೆರೆಗಳನ್ನು ನಂಬಿದ್ದು. ತೋಟಗಳಿಗೆ ಆಳು ಬರುತ್ತಿದ್ದುದು ಇಂಥ ಬಯಲುಸೀಮೆಯಿಂದ, ಘಟ್ಟದ ಕೆಳಗಿನ ತುಳುನಾಡಿನಿಂದ. ತೋಟದ ದೊರೆಯ ಹಣ ಹಿಡಿದು ಹಳ್ಳಿಗೆ ಹೋದ ಮೇಸ್ತ್ರಿ ಮದುವೆಗೋ ಹಳೇ ಸಾಲಕ್ಕೋ ಎಂದು ಮುಂಗಡ ಕೊಟ್ಟು ಹಂಗಾಮಿಗೆ ಜನ ಕರೆತರುತ್ತಿದ್ದ. ಬಟವಾಡೆಯ ದಿನ ಅದನ್ನು ಮುರಿದುಕೊಂಡು ಉಳಿದದ್ದಷ್ಟೇ ಕೈಗೆ. ಮುಂಗಡ ಪಡೆದು ಆಳು ಬಾರದಿದ್ದರೆ ತೋಟದವರಿಗೂ ನಷ್ಟವೇ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಆ ನಷ್ಟಕ್ಕೆ ಸರ್ಕಾರ ಹುಡುಕಿದ ಮದ್ದು ಅನ್ಯಾಯದ್ದು.

1859ರಲ್ಲಿ ಭಾರತದಲ್ಲಿ ಎರಡು ಕಾಯ್ದೆಗಳು ಬಂದವು. ಆ ವರ್ಷದ ಒಂದನೆಯ ಕಾಯ್ದೆ ಹಡಗಿನ ನಾವಿಕರದು. ಹದಿಮೂರನೆಯದು ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಕಾರರದು. ಮಾಲೀಕ ದೂರು ಕೊಟ್ಟರೆ ಮ್ಯಾಜಿಸ್ಟ್ರೇಟ್ ‘ಹಣ ಕೊಡು, ಇಲ್ಲವೇ ಕೆಲಸ ಮಾಡು’ ಎನ್ನಬಹುದಿತ್ತು. ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ವ್ಯಾಪಾರಿ ಕರಾರು ಮುರಿದರೆ ಸಿವಿಲ್ ದಾವೆ, ಕೂಲಿಯವನು ಮುರಿದರೆ ಸೆರೆಮನೆ! ಸಮುದ್ರದಲ್ಲೂ ಹಡಗು ಬಿಟ್ಟು ಓಡಿದವನು ಅಪರಾಧಿಯೇ.

ನಾವಿಕರ ಮುಂಗಡ ಚೀಟಿಯನ್ನು ಬ್ರಿಟನ್ 1880ರಲ್ಲಿ ನಿಷೇಧಿಸಿ, 1889ರಲ್ಲಿ ಒಂದು ತಿಂಗಳ ಮಟ್ಟಿಗೆ ಮತ್ತೆ ಬಿಟ್ಟುಕೊಟ್ಟಿತು. ಅಮೆರಿಕ 1915ರಲ್ಲಿ ಹಡಗು ಬಿಟ್ಟವನಿಗೆ ಜೈಲಿಲ್ಲ ಎಂದಿತು. ಭಾರತದಲ್ಲಿ ಹದಿಮೂರನೆಯ ಕಾಯ್ದೆಯನ್ನು ರದ್ದುಗೊಳಿಸಲು 1925ರವರೆಗೆ ಕಾಯಬೇಕಾಯಿತು. ಮುಂಗಡ ಕೊಟ್ಟು ದುಡಿಮೆಗೆ ಕಟ್ಟಿಹಾಕುವುದೇ ಅಪರಾಧವಾದದ್ದು ಅದಕ್ಕೂ ಅರ್ಧ ಶತಮಾನದ ಮೇಲೆ, 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯಿಂದ.