ಹಾಡಿನ ಹುಚ್ಚು

ಹೊಲದಲ್ಲಿ ಶೇಂಗಾ ಕಿತ್ತ ದಿನ, ನೆರೆಮನೆಗೆ ಒಂದು ಬೊಗಸೆ ಹಸಿಕಾಯಿಯನ್ನು ಕಳುಹಿಸದೆ ತಾನು ತಿನ್ನುವ ಗೃಹಿಣಿಯು ಚಳ್ಳಕೆರೆ, ಮೊಳಕಾಲ್ಮೂರುಗಳ ಸೀಮೆಯಲ್ಲಿ ದುರ್ಲಭ. ಒಳ್ಳೆಯ ಹಾಡನ್ನು ಕೇಳಿದವನ ಸ್ವಭಾವವೂ ಹೀಗೆಯೇ. ತಾನೊಬ್ಬನೇ ಕೇಳಿ ಸುಮ್ಮನಿರಲು ಅವನಿಂದಾಗದು. ಇನ್ನೊಬ್ಬರ ಕಿವಿಗೂ ಅದನ್ನು ಮುಟ್ಟಿಸಿ, ಅವರ ಮುಖವು ಅರಳುವುದನ್ನು ಕಂಡಮೇಲೆಯೇ ಅವನಿಗೆ ತೃಪ್ತಿ. ಈ ಉತ್ಸಾಹಕ್ಕೆ ಲೋಕರೂಢಿಯಲ್ಲಿ ಹಾಡಿನ ಹುಚ್ಚು ಎಂದು ಹೆಸರು.

ಈಗ ಅಂಗೈಯಗಲದ ಮೊಬೈಲಿನೊಳಗೆ ಲೋಕದ ಸಂಗೀತವೆಲ್ಲವೂ ಬಂದು ಕುಳಿತಿರುವುದರಿಂದ, ಈ ಹುಚ್ಚು ನಮ್ಮ ಬಯಲುಸೀಮೆಯ ಮನೆಗಳಲ್ಲಿಯೂ ಹೊಸ ಹೊಸ ರೂಪಗಳನ್ನು ತಾಳಬಲ್ಲುದು. ಅವುಗಳಲ್ಲಿ ಹಿರಿಯರಿಗೆ ಅತಿ ವಿಚಿತ್ರವಾಗಿ ತೋರತಕ್ಕದ್ದು ‘ಸೈಕೆಡೆಲಿಕ್ ರಾಕ್’ ಎಂಬ ಸಂಗೀತದ ಅಭಿಮಾನ. ಮಗನು ಊಟದ ಹೊತ್ತನ್ನೂ ಮರೆತು ಇದನ್ನು ಕೇಳುತ್ತ, ಗೆಳೆಯರೊಡನೆ ಇದರ ಗುಣದೋಷಗಳನ್ನು ಚರ್ಚಿಸುತ್ತ ಕುಳಿತರೆ, ಅದು ಏನೆಂದು ತಿಳಿಯುವುದು ಮನೆಯವರಿಗೆ ಅವಶ್ಯಕ. ತಿಳಿಯದೆ ಗದರಿಸುವುದೂ ತಿಳಿಯದೆ ಹೊಗಳುವುದೂ ಸಮಾನವಾದ ದೋಷಗಳೇ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಮೊಳಕಾಲ್ಮೂರಿನವರಿಗೆ ‘ರಾಕ್’ ಎಂದೊಡನೆ ಅಶೋಕನ ಶಾಸನವನ್ನು ಹೊತ್ತ ಬ್ರಹ್ಮಗಿರಿಯ ಬಂಡೆಯು ನೆನಪಾಗಬಹುದು. ಆದರೆ ಇಲ್ಲಿ ಆ ಮಾತಿಗೆ ತೂಗು, ಓಲಾಡು ಎಂದು ಅರ್ಥ. ‘ಸೈಕೆಡೆಲಿಕ್’ ಎಂಬುದು ಗ್ರೀಕ್ ಮೂಲದಿಂದ ಕಟ್ಟಿದ ಮಾತು. ಮನಸ್ಸನ್ನು ತೆರೆದು ತೋರುವುದು ಎಂಬರ್ಥದಲ್ಲಿ ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯನು 1956ರಲ್ಲಿ ಇದನ್ನು ಸೃಷ್ಟಿಸಿದನು. ಹತ್ತು ವರ್ಷಗಳ ಬಳಿಕ ಅದು ಒಂದು ಸಂಗೀತಕ್ಕೆ ಹೆಸರಾಯಿತು.

ಈ ಸಂಗೀತದ ಲಕ್ಷಣಗಳು ಕೆಲವುಂಟು. ವಿದ್ಯುತ್ ಗಿಟಾರಿನ ನಾದವನ್ನು ಬೇಕೆಂದೇ ಒಡೆದು, ಎಳೆದು, ಪ್ರತಿಧ್ವನಿಗೊಳಿಸುವರು. ಮುದ್ರಿಸಿದ ಧ್ವನಿಯನ್ನು ಹಿಂದುಮುಂದಾಗಿ ನುಡಿಸುವರು. ಒಂದೇ ಸ್ವರವನ್ನು ಹಿಡಿದು ಬಹಳ ಹೊತ್ತು ಬಿಡದೆ ನಿಲ್ಲುವರು. ಅಮೆರಿಕದ ಟೆಕ್ಸಾಸ್ ಪ್ರಾಂತದ ‘ಥರ್ಟೀನ್ತ್ ಫ್ಲೋರ್ ಎಲಿವೇಟರ್ಸ್’ ಎಂಬ ತಂಡದಲ್ಲಿ ಒಬ್ಬನು ಗಡಿಗೆಯ ಬಾಯಿಗೆ ಮೈಕನ್ನು ಹಿಡಿದು, ಅದರೊಳಗೆ ಗುಳುಗುಳು ಧ್ವನಿಯನ್ನು ಹೊರಡಿಸುತ್ತಿದ್ದನು. ಘಟವಾದ್ಯವನ್ನು ಬಲ್ಲ ನಮಗೆ ಇದರಲ್ಲಿ ನಗತಕ್ಕದ್ದೇನೂ ಇಲ್ಲ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷದ ಹಾಡಿಗೆ ಮಾತ್ರ ಸ್ಥಳವಿತ್ತು. ಲಂಡನ್ನಿನ ಪಿಂಕ್ ಫ್ಲಾಯ್ಡ್ ತಂಡದವರಾದರೋ 1971ರಲ್ಲಿ ‘ಎಕೋಸ್’ ಎಂಬ ಒಂದೇ ರಚನೆಗೆ ದೊಡ್ಡ ತಟ್ಟೆಯ ಇಡೀ ಮಗ್ಗುಲನ್ನು, ಎಂದರೆ ಇಪ್ಪತ್ತಮೂರು ನಿಮಿಷಗಳನ್ನು, ಕೊಟ್ಟರು.

ಇದರಲ್ಲಿ ನಮ್ಮ ದೇಶದ ಪಾಲೂ ಉಂಟು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ನನು 1965ರಲ್ಲಿ ಒಂದು ಹಾಡಿಗೆ ಸಿತಾರನ್ನು ನುಡಿಸಿ, ಮರುವರ್ಷ ಪಂಡಿತ ರವಿಶಂಕರರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡನು. ಅದೇ 1966ರಲ್ಲಿ ಆ ತಂಡದ ಒಂದು ಪ್ರಸಿದ್ಧ ಹಾಡಿನ ಹಿಂದೆ ತಂಬೂರಿಯ ಶ್ರುತಿಯು ಮೊದಲಿನಿಂದ ಕೇಳಿಬಂದಿತು. ನಮ್ಮಲ್ಲಿಯೂ 1970ರ ದಶಕದ ಆರಂಭದಲ್ಲಿ ಬೆಂಗಳೂರಿನ ‘ಹ್ಯೂಮನ್ ಬಾಂಡೇಜ್’ ತಂಡವು ರಾಕ್ ಸಂಗೀತಕ್ಕೆ ಹೆಸರಾಗಿದ್ದಿತು. ಪಿಂಕ್ ಫ್ಲಾಯ್ಡಿನ ರಾಜರ್ ವಾಟರ್ಸ್ 2002ರಲ್ಲಿ ಬೆಂಗಳೂರಿಗೆ ಬಂದು ಹಾಡಿದನು.

ಈ ಸಂಗೀತಕ್ಕೂ ಮಾದಕದ್ರವ್ಯಗಳಿಗೂ ನಂಟುಂಟೆಂದು ಕೆಲವರು ಆಕ್ಷೇಪಿಸುವರು. ಇದು ನಿಜವೇ, ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಎಲ್‌ಎಸ್‌ಡಿ ಎಂಬ ದ್ರವ್ಯದ ಅಮಲನ್ನೇ ನಾದದಲ್ಲಿ ಮೂಡಿಸಹೊರಟವರು ಅವರಲ್ಲಿ ಹಲವರಿದ್ದರು. ಅದರ ಫಲವನ್ನೂ ಉಂಡರು. ಪಿಂಕ್ ಫ್ಲಾಯ್ಡಿನ ಮೊದಲ ಹಾಡುಗಾರನಾದ ಸಿಡ್ ಬ್ಯಾರೆಟ್ಟನು ಆ ದ್ರವ್ಯವನ್ನು ಅತಿಯಾಗಿ ಸೇವಿಸುತ್ತಿದ್ದನು. ಮನಸ್ಸು ಕದಡಿ, 1968ರಲ್ಲಿ ತಂಡವನ್ನೇ ಬಿಡಬೇಕಾಯಿತು. ಜಿಮಿ ಹೆಂಡ್ರಿಕ್ಸನು 1970ರಲ್ಲಿ ನಿದ್ರೆಯ ಗುಳಿಗೆಗಳನ್ನು ಮಿತಿಮೀರಿ ನುಂಗಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿಯೇ ಗತಿಸಿದನು.

ರವಿಶಂಕರರು ಈ ವಿಷಯದಲ್ಲಿ ಕಡ್ಡಿ ಮುರಿದಂತೆ ಮಾತನಾಡಿದರು. 1967ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇ ಉತ್ಸವದಲ್ಲಿ ಅವರ ಸಿತಾರಿಗೆ ಸಾವಿರಾರು ಜನರು ತಲೆದೂಗಿದರು. ಅಲ್ಲಿಯೇ ಹೆಂಡ್ರಿಕ್ಸನು ತನ್ನ ಗಿಟಾರಿಗೆ ಬೆಂಕಿ ಹಚ್ಚಿದನು. ವಾದ್ಯವನ್ನು ದೇವರೆಂದು ಭಾವಿಸುವ ಪಂಡಿತರಿಗೆ ಇದರಿಂದ ಬಹಳ ನೋವಾಯಿತು. ಅಮಲಿನಲ್ಲಿ ಕುಳಿತು ತಮ್ಮ ಸಂಗೀತವನ್ನು ಕೇಳುವುದೂ ಅವರಿಗೆ ಸಮ್ಮತವಾಗಿರಲಿಲ್ಲ. ಹಾಗೆಂದು ಅವರು ಆ ತರುಣರನ್ನು ದೂರಮಾಡಲಿಲ್ಲ. ಹ್ಯಾರಿಸನ್ನನೊಡನೆ ಅವರ ಸ್ನೇಹವು ಕೊನೆಯವರೆಗೂ ನಡೆಯಿತು. ನಾದವನ್ನು ಸ್ವೀಕರಿಸಿ ಅಮಲನ್ನು ನಿರಾಕರಿಸುವ ಈ ಮಾರ್ಗವೇ ಗೃಹಸ್ಥರಿಗೂ ಯೋಗ್ಯವಾದುದೆಂದು ನಮ್ಮ ಮತ.

ಇನ್ನು ಈ ಅಭಿಮಾನಿಯು ಅರಸುತ್ತಿರುವುದಾದರೂ ಏನು? ದೀರ್ಘವಾದ ನಾದ, ಹೊತ್ತನ್ನು ಮರೆಸುವ ಆವರ್ತನೆ. ಇವುಗಳಿಗೆ ಚಳ್ಳಕೆರೆಯ ನೆಲದಲ್ಲಿ ಬರಗಾಲವಿಲ್ಲ. ಕಾಡುಗೊಲ್ಲರ ಗಣೆಯೆಂಬ ಬಿದಿರಿನ ನೀಳ ಕೊಳಲು, ಎದೆಯನ್ನು ನಡುಗಿಸುವ ಉರುಮೆ, ರಾತ್ರಿಯೆಲ್ಲ ಸಾಗುವ ಜುಂಜಪ್ಪನ ಕಾವ್ಯ ಇವುಗಳ ಮುಂದೆ ಇಪ್ಪತ್ತಮೂರು ನಿಮಿಷದ ಹಾಡು ಬರಿಯ ಪೀಠಿಕೆಯಾದೀತು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾವು ಹೇಳುವುದಿಲ್ಲ. ಒಂದನ್ನು ತಾಳ್ಮೆಯಿಂದ ಕೇಳಬಲ್ಲ ಕಿವಿಯು ಇನ್ನೊಂದನ್ನೂ ಕೇಳಬಲ್ಲುದು ಎಂಬಷ್ಟೇ ನಮ್ಮ ಅಭಿಪ್ರಾಯ.

ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆಯ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿಯೆಂಬ ಮಹಾತಾಯಿ ಇದ್ದಳು. ಅಕ್ಷರವನ್ನು ಕಲಿತವಳಲ್ಲ, ಆದರೂ ಸಾವಿರಾರು ಪದಗಳು ಅವಳ ನಾಲಗೆಯ ಮೇಲೆ ನೆಲೆಸಿದ್ದವು. ಕೃಷ್ಣಮೂರ್ತಿ ಹನೂರರು ಅವಳೆದುರು ಕುಳಿತು ಕೇಳಿ, ಬರೆದುಕೊಂಡು, ಪುಸ್ತಕವಾಗಿಸಿ ನಾಡಿಗೆ ಕೊಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಅವಳಿಗೆ ನಾಡೋಜ ಪದವಿಯನ್ನಿತ್ತು ಗೌರವಿಸಿತು. ಅಜ್ಜಿ ಈಗ ಇಲ್ಲ. ಆಸೆಯಿಂದ ಕೇಳುವವರು ಆ ದಿನ ಬಾರದಿದ್ದರೆ ಎಷ್ಟು ಪದಗಳು ಅವಳೊಡನೆಯೇ ಮಣ್ಣಾಗುತ್ತಿದ್ದವೋ! ಹಾಡುವವರಷ್ಟೇ ಕೇಳುವವರೂ ಹಾಡನ್ನು ಬದುಕಿಸುವರೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ತಾನು ಮೆಚ್ಚಿದ್ದನ್ನು ಹಂಚುವ ಹುಚ್ಚಿನಿಂದ ಮಹತ್ಕಾರ್ಯಗಳೂ ಆಗಿವೆ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಮನೆಯವರು ಅದನ್ನು ಹವ್ಯಾಸವೆಂದು ಹಳಿದು ನಿಲ್ಲಿಸಿದ್ದರೆ ನಷ್ಟವು ನಾಡಿನದಾಗುತ್ತಿತ್ತು.

ಅಭಿಮಾನಿಗಳಲ್ಲಿಯೂ ಕುಂದಿಲ್ಲವೆಂದಲ್ಲ. ಒಂದು ತಂಡದ ಮೊದಲ ತಟ್ಟೆಯೇ ಶ್ರೇಷ್ಠ, ಮಿಕ್ಕವು ಹೊಟ್ಟು ಎಂದು ತೀರ್ಪು ಕೊಡುವುದು; ಸಂಗೀತದಿಂದ ಹೊರಟು, ರಾಜಕೀಯ, ಅಡುಗೆ, ಆಟ ಎಲ್ಲದರ ಮೇಲೂ ಅಭಿಪ್ರಾಯವನ್ನು ಚೆಲ್ಲುವುದು; ತನಗೆ ರುಚಿಸದುದನ್ನು ಮೆಚ್ಚಿದವರನ್ನು ಮೂಢರೆನ್ನುವುದು, ಇವು ಅವರ ಸಾಮಾನ್ಯ ಚಾಳಿಗಳು. ಕೇಳು ಎಂದು ಹಾಡನ್ನು ಕೊಡುವವನು ಉಪಕಾರಿ. ಒಪ್ಪು ಎಂದು ಹಟ ಹಿಡಿಯುವವನು ಸಾಲಗಾರನ ಬಾಗಿಲಲ್ಲಿ ಕುಳಿತ ಸಾಹುಕಾರನಂತೆ ಬೇಸರ ತರುವನು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮಗನೋ ಮಗಳೋ ಒಂದು ಹಾಡನ್ನು ಹಿಡಿದು ಬಂದು ಕೇಳಿರೆಂದರೆ, ಗದ್ದಲವೆಂದು ಕೈಬೀಸದೆ ಒಮ್ಮೆಯಾದರೂ ಪೂರ್ತಿಯಾಗಿ ಕೇಳಬೇಕು. ಕೇಳಿದ ಮೇಲೆ ಹಿಡಿಸಲಿಲ್ಲವೆಂದು ಹೇಳಲು ಅಡ್ಡಿಯಿಲ್ಲ. ಅಮಲಿನ ಅಪಾಯವನ್ನೂ ಆ ಸಂದರ್ಭದಲ್ಲಿಯೇ ಮುಚ್ಚುಮರೆಯಿಲ್ಲದೆ ತಿಳಿಸಬಹುದು. ತಮ್ಮ ಹಾಡನ್ನು ಕೇಳಿದವರ ಮಾತನ್ನು ಮಕ್ಕಳೂ ಕೇಳುವರು. ತರುಣರೂ ಮುಂದಿನ ಜಾತ್ರೆಯ ರಾತ್ರಿ ಕಿವಿಯ ತಂತಿಯನ್ನು ಕಳಚಿ ಗೊಲ್ಲರಹಟ್ಟಿಯ ಕಡೆಗೆ ನಡೆಯಲಿ. ಲಂಡನ್ನಿನ ತಟ್ಟೆಯು ಇನ್ನು ನೂರು ವರ್ಷ ಕಳೆದರೂ ಸಿಕ್ಕೀತು. ಗಣೆ ನುಡಿಸುವ ಮುದುಕನ ಉಸಿರು ಹಾಗೆ ಕಾದಿರುವುದಿಲ್ಲ.