ಒಲೆಯ ಮೇಲಿನ ಎಸ್ಪ್ರೆಸೊ

ನಮ್ಮ ಮನೆಗಳ ಕಾಫಿ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಮೆಲ್ಲನೆ ಕೆಳಗಿಳಿಯುವುದಷ್ಟೆ. ಇಟಲಿಯ ಮನೆಗಳಲ್ಲಿ ಬಳಸುವ ‘ಮೋಕಾ’ ಪಾತ್ರೆಯಲ್ಲಾದರೋ ನೀರು ಕೆಳಗಿನಿಂದ ಮೇಲಕ್ಕೇರುತ್ತದೆ! ಅಂಗಡಿಯ ದೊಡ್ಡ ಯಂತ್ರವಿಲ್ಲದೆ ಎಸ್ಪ್ರೆಸೊದಂತಹ ಗಟ್ಟಿ ಕಾಫಿಯನ್ನು ಒಲೆಯ ಮೇಲೆಯೇ ಪಡೆಯಲೆಂದು ಆಲ್ಫೊನ್ಸೊ ಬಿಯಾಲೆತ್ತಿ ಎಂಬಾತನು 1933ರಲ್ಲಿ ಇದನ್ನು ಬಳಕೆಗೆ ತಂದನು. ನೀರನ್ನು ಮೇಲಕ್ಕೆ ನೂಕುವ ಶಕ್ತಿ ಯಾವುದು?

ಈ ಪಾತ್ರೆಗೆ ಮೂರು ಭಾಗಗಳುಂಟು. ಕೆಳಗಿನ ಕೋಣೆಯಲ್ಲಿ ನೀರು, ನಡುವಿನ ಆಲಿಕೆಯಲ್ಲಿ ಕಾಫಿಪುಡಿ. ಸಿದ್ಧವಾದ ಕಾಫಿ ಮೇಲಿನ ಪಾತ್ರೆಯನ್ನು ಸೇರುವುದು. ಆಲಿಕೆಯ ಕೊಳವೆ ಕೆಳಕೋಣೆಯ ತಳದ ಸಮೀಪದವರೆಗೂ ಇಳಿದಿರುತ್ತದೆ. ನೀರಿನ ಮೇಲೆ ಸ್ವಲ್ಪ ವಾಯು ಸೆರೆಯಾಗಿರುವುದು.

ನೀರು ಕುದಿದ ಮೇಲೆಯೇ ಏರುವುದೆಂದು ಹಲವರು ಭಾವಿಸುವರು. ಲೆಕ್ಕ ಹಾಕಿ ನೋಡೋಣ. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ವಾಯುಭಾರದಷ್ಟು ಒತ್ತಡವುಳ್ಳ ವಾಯುವನ್ನು, ಗಾತ್ರ ಬದಲಾಗದಂತೆ, 80 ಡಿಗ್ರಿಗೆ ಕಾಯಿಸಿದರೆ ಅದರ ಒತ್ತಡ 353/298, ಅಂದರೆ ಸುಮಾರು 1.18 ವಾಯುಭಾರವಾಗುವುದು. ಆ ಉಷ್ಣತೆಯಲ್ಲಿ ನೀರಾವಿಯ ಒತ್ತಡ ಸುಮಾರು 0.47. ಎರಡೂ ಕೂಡಿದರೆ ಒಂದೂವರೆ ವಾಯುಭಾರಕ್ಕೂ ಮಿಕ್ಕಿತು. ಹೊರಗಿನ ಒತ್ತಡ ಒಂದೇ ವಾಯುಭಾರ. ನೀರು ಏರಿದಂತೆಲ್ಲ ವಾಯುವಿಗೆ ಎಡೆ ಹೆಚ್ಚುವುದರಿಂದ ನಿಜವಾದ ಒತ್ತಡ ಇದಕ್ಕಿಂತ ಕಡಿಮೆಯಿದ್ದರೂ, ಕುದಿಯುವ ಮುನ್ನವೇ ನೀರು ಪುಡಿಯನ್ನು ಹಾಯ್ದು ಮೇಲೇರಲು ಅದು ಸಾಕು.

ಪುಡಿಯನ್ನು ಆಲಿಕೆಗೆ ತುಂಬಬೇಕು, ಒತ್ತಿ ಗಿಡಿಯಬಾರದು. ಉರಿ ಸಣ್ಣದಾಗಿರಲಿ. ನೀರಿನ ಮಟ್ಟ ಕೊಳವೆಯ ಬಾಯಿಗಿಂತ ಕೆಳಗಿಳಿದಾಗ ಆವಿ ನುಗ್ಗಿ ಗೊರಗೊರ ಸದ್ದಾಗುವುದು. ಒಡನೆಯೇ ಪಾತ್ರೆಯನ್ನು ಇಳಿಸದಿದ್ದರೆ ಕಾಫಿ ಕಹಿಯಾಗುವುದು. ಕೆಳಕೋಣೆಯ ಪಕ್ಕದಲ್ಲಿರುವ ಸಣ್ಣ ಕವಾಟವಂತೂ ಬಹು ಮುಖ್ಯ. ಅತಿ ನುಣ್ಣನೆಯ ಪುಡಿ ದಾರಿ ಕಟ್ಟಿದರೆ ಒತ್ತಡ ಏರುತ್ತಲೇ ಹೋಗುವುದು. ಆಗ ಕವಾಟ ತೆರೆದು ಆವಿಯನ್ನು ಹೊರಬಿಡದಿದ್ದರೆ ಪಾತ್ರೆಯೇ ಸಿಡಿಯಬಹುದು. ಆದುದರಿಂದ ನೀರು ಕವಾಟಕ್ಕಿಂತ ಕೆಳಗೇ ಇರಬೇಕು, ಕವಾಟವು ಕಟ್ಟಿಕೊಂಡಿರಬಾರದು.

ಆದರೂ ಇದು ನಿಜವಾದ ಎಸ್ಪ್ರೆಸೊ ಅಲ್ಲ. ಯಂತ್ರದಲ್ಲಿ ಒತ್ತಡ ಸುಮಾರು 9 ವಾಯುಭಾರ. ಹುರಿದ ಕಾಫಿಯಲ್ಲಿ ಅಡಗಿರುವ ಇಂಗಾಲದ ಡೈಆಕ್ಸೈಡ್ ಆ ಒತ್ತಡದಲ್ಲಿ ಕರಗಿ, ಲೋಟಕ್ಕೆ ಬಿದ್ದೊಡನೆ ನುಣ್ಣನೆಯ ನೊರೆಯಾಗಿ ಹೊರಬರುವುದು. ಮೋಕಾದಲ್ಲಿ ಅಂತಹ ನೊರೆ ನಿಲ್ಲದು.

ಗಟ್ಟಿತನದ ಮಾತು ಬೇರೆ. ನಮ್ಮ ಫಿಲ್ಟರಿನಲ್ಲಿ 10 ಸೆಂಟಿಮೀಟರ್ ಎತ್ತರದ ನೀರಿನ ಒತ್ತಡ ಒಂದು ವಾಯುಭಾರದ ನೂರನೆಯ ಒಂದು ಪಾಲು ಮಾತ್ರ. ಆದರೂ ಡಿಕಾಕ್ಷನ್ ಗಟ್ಟಿಯಾಗಿಯೇ ಇಳಿಯುತ್ತದೆ. ಒತ್ತಡ ಕಾಲವನ್ನು ಉಳಿಸುತ್ತದೆ. ಕಾಫಿಯನ್ನು ಗಟ್ಟಿಯಾಗಿಸುವುದು ಮುಖ್ಯವಾಗಿ ಹೆಚ್ಚು ಪುಡಿ, ಕಡಿಮೆ ನೀರು.