ನೂಲು ಹುಣ್ಣಿಮೆಯ ಆ ನೆರೆ ಸೂರತ್ ಕನ್ನಡಿಗರಿಗೆ ನೆನಪಿರಲಿ

ಸೂರತ್: ಕರಾವಳಿಯಿಂದ ಬಂದ ನಮಗೆ ನೆರೆ ಎಂದರೆ ಮೊದಲು ಹೆಂಚಿನ ಮೇಲೆ ಮಳೆಯ ಸದ್ದು, ಆಮೇಲೆ ಅಂಗಳಕ್ಕೆ ನೀರು. ಕರ್ಮಭೂಮಿ ಸೂರತ್‌ನಲ್ಲಿ ಲೆಕ್ಕವೇ ಬೇರೆ. ಊರಲ್ಲಿ ದೊಡ್ಡ ಮಳೆ ಇಲ್ಲದೆಯೂ ಇಲ್ಲಿ ನೀರು ಮನೆಗೆ ನುಗ್ಗಬಹುದು.

ಮಧ್ಯಪ್ರದೇಶದ ಮುಲ್ತಾಯಿಯಲ್ಲಿ ಹುಟ್ಟುವ ತಾಪಿ ಮಹಾರಾಷ್ಟ್ರವನ್ನು ದಾಟಿ, ಸುಮಾರು 724 ಕಿ.ಮೀ. ಹರಿದು ಇಲ್ಲಿ ಸಮುದ್ರ ಸೇರುತ್ತದೆ. ಸೂರತ್‌ನಿಂದ ಸುಮಾರು 100 ಕಿ.ಮೀ. ಮೇಲೆ ಉಕಾಯಿ ಅಣೆಕಟ್ಟು ಇದೆ. 1972ರಲ್ಲಿ ಅದು ಪೂರ್ಣಗೊಂಡ ಮೇಲೆ ಇನ್ನು ನೆರೆಯ ಭಯವಿಲ್ಲ ಎಂದುಕೊಂಡು ಜನ ನದಿಯ ದಡದವರೆಗೂ ಮನೆ ಕಟ್ಟಿದರು. ಬಾಡಿಗೆ ಕಡಿಮೆ ಎಂದು ನಮ್ಮವರೂ ಅನೇಕರು ನೆಲಮಹಡಿಯಲ್ಲೇ ನೆಲೆ ನಿಂತರು.

2006ರ ಆಗಸ್ಟ್ ಎರಡನೇ ವಾರ ಮೇಲ್ಭಾಗದ ಮಳೆಗೆ ಉಕಾಯಿ ತುಂಬಿತು. 9 ಲಕ್ಷ ಕ್ಯೂಸೆಕ್‌ನಷ್ಟು ನೀರು ಬಿಡಬೇಕಾಯಿತು. ಊರಿನೊಳಗೆ ನದಿ ಸುರಕ್ಷಿತವಾಗಿ ಹೊರಬಲ್ಲದ್ದು ಅದರ ಅರ್ಧದಷ್ಟೂ ಇಲ್ಲ. ಆಗಸ್ಟ್ 9 ನೂಲು ಹುಣ್ಣಿಮೆ. ಹುಣ್ಣಿಮೆಯ ಉಬ್ಬರ ಎಂದರೇನೆಂದು ಕರಾವಳಿಯವರಿಗೆ ಹೇಳಬೇಕಿಲ್ಲ. ನದಿಯ ನೀರನ್ನು ಸಮುದ್ರ ಬೇಗ ಒಳಗೆ ಬಿಟ್ಟುಕೊಳ್ಳಲಿಲ್ಲ. ನಗರದ ಸುಮಾರು ಮುಕ್ಕಾಲು ಪಾಲು ಮುಳುಗಿತು.

ಅಡಾಜನ್‌ನ ನೆಲಮಹಡಿಯ ಬಾಡಿಗೆ ಮನೆ ಬಿಟ್ಟು ನಾವು ಮೂರು ರಾತ್ರಿ ಮೇಲಿನ ಗುಜರಾತಿ ಕುಟುಂಬದವರ ಜತೆ ಕಳೆದೆವು. ಅವರ ಖಿಚಡಿಯೇ ನಮ್ಮ ಊಟ. ನೀರು ಇಳಿದ ಮೇಲೆ ಬ್ಯಾಂಕಿನ ಕೌಂಟರಿನಲ್ಲಿ ಕಂಡದ್ದು ಇನ್ನೂ ಮರೆತಿಲ್ಲ. ಕೆಸರು ಮೆತ್ತಿದ ಪಾಸ್‌ಬುಕ್, ಮುಟ್ಟಿದರೆ ಹರಿಯುವ ಠೇವಣಿ ರಸೀದಿಗಳನ್ನು ಹಿಡಿದು ಜನ ಸಾಲಾಗಿ ನಿಂತಿದ್ದರು. ಅವರಲ್ಲಿ ಹೋಟೆಲ್ ಕೆಲಸದ ನಮ್ಮೂರಿನ ಒಬ್ಬ ಹಿರಿಯರಿದ್ದರು. ‘ಹಣ ಉಂಟಲ್ಲವಾ?’ ಎಂದು ಮೂರು ಸಲ ಕೇಳಿದರು. ಹಣ ಖಾತೆಯಲ್ಲಿ ಭದ್ರವಾಗಿತ್ತು. ಆದರೆ ಅದು ತಮ್ಮದೆಂದು ತೋರಿಸಲು ಅವರ ಕೈಯಲ್ಲಿ ಒಂದು ಕಾಗದವೂ ಉಳಿದಿರಲಿಲ್ಲ.

ಆ ಬಳಿಕ ನಗರ ಪಾಠ ಕಲಿಯಿತು. ಅಣೆಕಟ್ಟು, ಮಳೆ, ನದಿ ಮೂರನ್ನೂ ಒಟ್ಟಿಗೆ ನೋಡುವ ಮುನ್ಸೂಚನೆ ವ್ಯವಸ್ಥೆ ಬಂತು. ಆದರೂ ಊರು ಬೆಳೆಯುತ್ತಲೇ ಇದೆ. 2001ರಲ್ಲಿ ಸುಮಾರು 24 ಲಕ್ಷವಿದ್ದ ಜನಸಂಖ್ಯೆ 2011ಕ್ಕೆ 44 ಲಕ್ಷ ದಾಟಿತು. 2025ರ ಜೂನ್‌ನಲ್ಲಿ ಜೋರು ಮಳೆಗೆ ಖಾಡಿಗಳು ಉಕ್ಕಿದವು. ತಾಪಿಯ ನೆರೆ ಒಂದು, ಖಾಡಿಯ ನೆರೆ ಇನ್ನೊಂದು. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ಉಕ್ಕಿ ವಡೋದರಾದ ನಮ್ಮವರೂ ಕಷ್ಟಪಟ್ಟರು.

ಬಿಸಿಲಿನದೂ ಇದೇ ಕಥೆ. 2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ತಾಪಮಾನ 46.8 ಡಿಗ್ರಿ ತಲಪಿತು. ಆ ತಿಂಗಳು ಸಾಮಾನ್ಯಕ್ಕಿಂತ 1,344 ಹೆಚ್ಚು ಸಾವುಗಳಾದವು. 2013ರಲ್ಲಿ ಆ ನಗರ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ಸೂರತ್‌ನಲ್ಲಿ ಡಿಗ್ರಿ ಕಡಿಮೆಯಿದ್ದರೂ ಸಮುದ್ರದ ತೇವಕ್ಕೆ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಒಲೆಯ ಮುಂದೆ ನಿಲ್ಲುವ ಹೋಟೆಲ್ ಹುಡುಗರಿಗೆ, ಒಂಟಿಯಾಗಿರುವ ವೃದ್ಧರಿಗೆ ಇದು ಹೆಚ್ಚು ಅಪಾಯ.

ನಮ್ಮ ಸಂಘಗಳು ರಾಜ್ಯೋತ್ಸವ, ಗಣೇಶೋತ್ಸವಗಳನ್ನು ಅಚ್ಚುಕಟ್ಟಾಗಿ ನಡೆಸುತ್ತವೆ. ಜತೆಗೆ ಒಂದು ಪಟ್ಟಿಯನ್ನೂ ಮಾಡಲಿ: ನೆಲಮಹಡಿಯಲ್ಲಿರುವವರು ಯಾರು, ಒಂಟಿ ಹಿರಿಯರು ಯಾರು, ನೀರು ಬಂದರೆ ಯಾರು ಯಾರ ಮನೆಗೆ ಹೋಗಬೇಕು. ಸದಸ್ಯರು ದಾಖಲೆಗಳ ಒಂದು ಪ್ರತಿಯನ್ನು ಊರಿನ ಮನೆಯಲ್ಲಿ ಇಡಲಿ. ಮುಂದಿನ ಮಹಾಸಭೆಯಲ್ಲಿ ಇದಕ್ಕೆ ಹತ್ತು ನಿಮಿಷ ಮೀಸಲಿಟ್ಟರೆ ಸಾಕು.